ಸಂತ್ರಸ್ತರ ಕೈಗೆ ಮತಪತ್ರ ಕೊಟ್ಟರೆ

ಅದು 2017ರ ರಮಝಾನ್ ತಿಂಗಳು. ಜೂನ್ 14ರ ನಡುರಾತ್ರಿ. ಪಶ್ಚಿಮ ಲಂಡನ್ನಿನ ನಾರ್ತ್ ಕೆನ್ಸಿಂಗ್ಟನ್‌ನಲ್ಲಿದ್ದ ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಗಳ ವಸತಿ ಕಟ್ಟಡದ ನಾಲ್ಕನೆಯ ಮಹಡಿಯ ಮನೆಯೊಂದರ ಅಡುಗೆ ಕೋಣೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಒಂದು ಫ್ರಿಜ್‌ನಿಂದ ಹುಟ್ಟಿದ ಬೆಂಕಿ ಅದು. ಒಂದು ಕೋಣೆಯಲ್ಲಿಯೇ ಆರಿ ಹೋಗಬೇಕಾಗಿದ್ದ ಆ ಬೆಂಕಿ ಕಿಟಕಿಯ ಮೂಲಕ ಕಟ್ಟಡದ ಹೊರಮೈಗೆ ಹತ್ತಿತು. ಅರ್ಧ ಗಂಟೆಯೊಳಗೆ ತುದಿಯನ್ನು ಮುಟ್ಟಿತು. ಸಹರಿಗಾಗಿ ಎಚ್ಚರವಾಗಿದ್ದ ಮುಸ್ಲಿಮ್ ನಿವಾಸಿಗಳು ನೆರೆಮನೆಗಳ ಬಾಗಿಲು ಬಡಿದು ಮಲಗಿದ್ದವರನ್ನು ಎಬ್ಬಿಸಿದರೆಂದು ಅಂದಿನ ಪತ್ರಿಕೆಗಳು ಬರೆದವು. ಒಳಗಿದ್ದವರಿಗೆ ಅಗ್ನಿಶಾಮಕ ದಳದಿಂದ ಬಂದ ಸೂಚನೆಯೇ ಬೇರೆ. ನಿಮ್ಮ ನಿಮ್ಮ ಮನೆಗಳಲ್ಲಿಯೇ ಇರಿ ಎಂಬ ಆ ಸೂಚನೆಯನ್ನು ಹಿಂದೆಗೆದುಕೊಂಡಾಗ ಗಂಟೆ 2-47 ಆಗಿತ್ತು. ಒಟ್ಟು 72 ಮಂದಿ ಪ್ರಾಣ ಕಳಕೊಂಡರು. ಮೊರೊಕ್ಕೊ, ಇರಿಟ್ರಿಯ, ಸುಡಾನ್, ಸಿರಿಯ, ಬಾಂಗ್ಲಾದೇಶಗಳಿಂದ ಬದುಕನ್ನರಸಿ ಬಂದಿದ್ದ ಕುಟುಂಬಗಳೂ ಅವರಲ್ಲಿದ್ದವು.

ಈ ದುರಂತವನ್ನು ಇಂದು ನೆನಪಿಸಿಕೊಳ್ಳುವುದಕ್ಕೆ ಕಾರಣ ಬೆಂಕಿಯಲ್ಲ, ಬೆಂಕಿ ಆರಿದ ನಂತರ ಅಲ್ಲಿ ನಡೆದ ಒಂದು ಪ್ರಯೋಗ. ಆ ಪ್ರದೇಶದ ಪುನಶ್ಚೇತನಕ್ಕೆಂದು ಮೀಸಲಿಟ್ಟ ಹಣದ ಒಂದು ಪಾಲನ್ನು ಯಾವ ಯಾವ ಸ್ಥಳೀಯ ಯೋಜನೆಗಳಿಗೆ ಕೊಡಬೇಕೆಂಬುದನ್ನು ಅಧಿಕಾರಿಗಳಲ್ಲ, ದಾನಿಗಳೂ ಅಲ್ಲ, ಅಲ್ಲಿನ ನಿವಾಸಿಗಳೇ ಮತ ಹಾಕಿ ತೀರ್ಮಾನಿಸುವ ವ್ಯವಸ್ಥೆ ಅದು. ಗ್ರೆನ್‌ಫೆಲ್ ಪ್ರಾಜೆಕ್ಟ್ಸ್ ಫಂಡ್ ಎಂದು ಅದರ ಹೆಸರು. ಮೇಲ್ನೋಟಕ್ಕೆ ಇದು ದೂರದ ನಗರವೊಂದರ ಆಡಳಿತದ ಸಣ್ಣ ಸುದ್ದಿ. ಆದರೆ ಪ್ರತಿ ವರ್ಷ ಕೋಟ್ಯಂತರ ರೂಪಾಯಿ ಝಕಾತ್, ಸದಕಾ ಮತ್ತು ಪರಿಹಾರ ನಿಧಿಯನ್ನು ಸಂಗ್ರಹಿಸಿ ಹಂಚುವ ನಮ್ಮ ಸಮುದಾಯದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕೊಡುವವರು ಯಾರು ಎಂಬ ಪ್ರಶ್ನೆಯನ್ನು ನಾವು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಕೇಳಿದ್ದು ಕಡಿಮೆ.

ಗ್ರೆನ್‌ಫೆಲ್‌ನ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಕೆನ್ಸಿಂಗ್ಟನ್ ಮತ್ತು ಚೆಲ್ಸಿಯ ಎಂಬುದು ಬ್ರಿಟನ್ನಿನ ಅತಿ ಶ್ರೀಮಂತ ಪ್ರದೇಶಗಳಲ್ಲೊಂದು. ಆ ಸಿರಿವಂತಿಕೆಯ ಉತ್ತರದ ಅಂಚಿನಲ್ಲಿ ನಗರಾಡಳಿತದ ಬಾಡಿಗೆ ಮನೆಗಳಲ್ಲಿ ಬದುಕುವ ಜನರಿದ್ದರು. 2016ರಲ್ಲಿ ಮುಗಿದ ನವೀಕರಣದಲ್ಲಿ ಅವರ ಕಟ್ಟಡಕ್ಕೆ ಹೊಸ ಹೊದಿಕೆ ಹಾಕಲಾಯಿತು. ಅಲ್ಯೂಮಿನಿಯಮ್ ತಗಡುಗಳ ನಡುವೆ ಪ್ಲಾಸ್ಟಿಕ್ ತುಂಬಿದ ಹೊದಿಕೆ ಅದು. ಬೆಂಕಿಯನ್ನು ಮೇಲಕ್ಕೆ ಹತ್ತಿಸಿದ್ದು ಅದೇ. ನಿವಾಸಿಗಳ ಗುಂಪೊಂದು ಕಟ್ಟಡದ ಸುರಕ್ಷತೆಯ ಬಗ್ಗೆ ವರ್ಷಗಟ್ಟಲೆ ದೂರು ಬರೆದಿತ್ತು. ದೊಡ್ಡ ಅನಾಹುತವೊಂದು ನಡೆದ ಹೊರತು ಯಾರೂ ಕಣ್ಣು ತೆರೆಯಲಾರರೆಂದು 2016ರ ನವೆಂಬರ್‌ನಲ್ಲಿಯೇ ಎಚ್ಚರಿಸಿತ್ತು. ಏಳು ತಿಂಗಳ ನಂತರ ಅನಾಹುತ ನಡೆದೇ ಹೋಯಿತು. ನಿವೃತ್ತ ನ್ಯಾಯಮೂರ್ತಿ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣಾ ಆಯೋಗವು 2024ರ ಸೆಪ್ಟೆಂಬರ್‌ನಲ್ಲಿ ತನ್ನ ಅಂತಿಮ ವರದಿಯನ್ನು ನೀಡಿದಾಗ ಆ ಎಲ್ಲ ಸಾವುಗಳೂ ತಪ್ಪಿಸಬಹುದಾಗಿದ್ದ ಸಾವುಗಳೆಂದು ಹೇಳಲಾಯಿತು. ಸರಕಾರ, ನಗರಾಡಳಿತ, ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆ, ಹೊದಿಕೆ ತಯಾರಿಸಿದ ಕಂಪೆನಿಗಳು, ಎಲ್ಲರ ಹೊಣೆಯನ್ನೂ ವರದಿ ಗುರುತಿಸಿತು.

ಅಂದರೆ ಆ ದುರಂತದ ಬೇರು ಇದ್ದದ್ದು ಹೊದಿಕೆಯಲ್ಲಿ ಮಾತ್ರವಲ್ಲ. ಆ ಮನೆಗಳಲ್ಲಿ ವಾಸಿಸುವವರ ಮಾತಿಗೆ ಬೆಲೆಯಿಲ್ಲ ಎಂಬ ಧೋರಣೆಯಲ್ಲಿ ಇತ್ತು. ಬಾಡಿಗೆ ಮನೆಯವರು, ವಲಸೆ ಬಂದವರು, ಭಾಷೆ ಸರಿಯಾಗಿ ಬಾರದವರು. ಇವರಿಗೆ ಏನು ಗೊತ್ತು ಎಂಬ ಧೋರಣೆ. ನಮ್ಮ ಓದುಗರಿಗೆ ಈ ಧೋರಣೆಯ ಪರಿಚಯವನ್ನು ಮಾಡಿಸಬೇಕಾಗಿಲ್ಲ.

ಬೆಂಕಿಯ ಮರುದಿನ ಇದೇ ಧೋರಣೆ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಬಟ್ಟೆ, ಆಹಾರ, ಹೊದಿಕೆ, ಆಟಿಕೆಗಳ ರಾಶಿ ಬಂದು ಬಿತ್ತು. ಜನರ ಹೃದಯ ದೊಡ್ಡದಿತ್ತು, ಅದರಲ್ಲಿ ಸಂದೇಹವಿಲ್ಲ. ಸುತ್ತಲಿನ ಚರ್ಚ್‌ಗಳು, ಕ್ರೀಡಾ ಕೇಂದ್ರ, ಸಮೀಪದ ಅಲ್-ಮನಾರ್ ಮುಸ್ಲಿಮ್ ಸಾಂಸ್ಕೃತಿಕ ಕೇಂದ್ರ ಎಲ್ಲವೂ ಧರ್ಮಭೇದವಿಲ್ಲದೆ ಬಾಗಿಲು ತೆರೆದವು. ಆದರೆ ನಗರಾಡಳಿತ ಎಲ್ಲಿದೆ ಎಂದು ಜನ ಹುಡುಕಬೇಕಾಯಿತು. ಆ ತಿಂಗಳು ಮುಗಿಯುವುದರೊಳಗೆ ಅದರ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಬದುಕುಳಿದ ಕುಟುಂಬಗಳನ್ನು ಹೋಟೆಲುಗಳಲ್ಲಿ ಇರಿಸಲಾಯಿತು. ಮೇಲಿನಿಂದ ನೋಡುವವನಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕೇ? ಹಾಸಿಗೆ ಇದೆ, ಬಿಸಿನೀರು ಇದೆ, ಸಿದ್ಧ ಊಟ ಇದೆ. ಆದರೆ ಆ ಕುಟುಂಬಗಳ ಮಹಿಳೆಯರಿಗೆ ಬೇಕಾಗಿದ್ದದ್ದು ಒಂದು ಒಲೆ. ತಮ್ಮ ಮಕ್ಕಳಿಗೆ ತಮ್ಮ ಕೈಯಾರೆ ಅಡುಗೆ ಮಾಡಿ ಬಡಿಸುವ ಅವಕಾಶ. ಹೋಟೆಲಿನ ಕೋಣೆಯಲ್ಲಿ ಅದು ಎಲ್ಲಿಂದ ಬರಬೇಕು?

ಆ ಮಹಿಳೆಯರು ಅಲ್-ಮನಾರ್ ಕೇಂದ್ರದ ಅಡುಗೆ ಮನೆಯನ್ನು ಕೇಳಿ ಪಡೆದರು. ಅಲ್ಲಿ ಸೇರಿ ತಮ್ಮ ಕುಟುಂಬಕ್ಕೂ ನೆರೆಯವರಿಗೂ ಬೇಯಿಸತೊಡಗಿದರು. ಅದಕ್ಕೆ ಹುಬ್ಬ್ ಸಮುದಾಯ ಅಡುಗೆ ಮನೆ ಎಂದು ಹೆಸರಾಯಿತು. ಹುಬ್ಬ್ ಎಂದರೆ ಅರಬಿ ಭಾಷೆಯಲ್ಲಿ ಪ್ರೀತಿ. ಹಣದ ಕೊರತೆಯಿಂದ ಮೊದಲು ವಾರಕ್ಕೆ ಎರಡು ದಿನ ಮಾತ್ರ ಅದು ತೆರೆದಿರುತ್ತಿತ್ತು. 2018ರಲ್ಲಿ ಅವರ ಅಡುಗೆಗಳ ಪುಸ್ತಕವೊಂದು ಬ್ರಿಟಿಷ್ ರಾಜಮನೆತನದ ಸೊಸೆ ಮೇಗನ್ ಅವರ ಬೆಂಬಲದಿಂದ ಪ್ರಕಟವಾಗಿ, ಅದರ ಆದಾಯವು ಅಡುಗೆ ಮನೆಗೆ ನೆರವಾಯಿತು. ರಾಜಮನೆತನದ ಹೆಸರು ಬಂದಾಗ ಮಾಧ್ಯಮಗಳು ಓಡಿ ಬಂದದ್ದು ಸಹಜ. ನಮ್ಮ ಗಮನ ಸೆಳೆಯುವುದು ಅದಕ್ಕಿಂತ ಮೊದಲಿನ ಘಟ್ಟ. ಗಾಯಕ್ಕೆ ಮದ್ದು ಯಾವುದೆಂದು ಗಾಯಗೊಂಡವರೇ ಹೇಳಿದರು. ಯಾವ ಸಮಿತಿಯ ಟಿಪ್ಪಣಿಯಲ್ಲಿಯೂ ‘ಒಲೆ’ ಎಂಬ ಪದ ಬಂದಿರಲಾರದು.

ಇದೇ ಅನುಭವಗಳ ಹಿನ್ನೆಲೆಯಲ್ಲಿ ನಿವಾಸಿಗಳ ಮತದಾನದ ಪ್ರಯೋಗವನ್ನು ನೋಡಬೇಕು. 2019ರಲ್ಲಿ ನಗರಾಡಳಿತವು ಐದು ವರ್ಷಗಳ ಅವಧಿಗೆ ಐದು ಕೋಟಿ ಪೌಂಡ್‌ಗಳ ಪುನಶ್ಚೇತನ ಕಾರ್ಯಕ್ರಮವನ್ನು ಪ್ರಕಟಿಸಿತು. ಅದರ ಒಂದು ಸಣ್ಣ ಭಾಗವಾಗಿತ್ತು ಪ್ರಾಜೆಕ್ಟ್ಸ್ ಫಂಡ್. ನೆರೆಹೊರೆಯ ಗುಂಪುಗಳು ತಮ್ಮ ಯೋಜನೆಗಳನ್ನು ಮುಂದಿಡುತ್ತಿದ್ದವು. ಯಾವುದಕ್ಕೆ ಅನುದಾನ ಸಿಗಬೇಕೆಂಬುದನ್ನು ಅಲ್ಲಿನ ಜನರ ಮತವೇ ನಿರ್ಧರಿಸುತ್ತಿತ್ತು. ಅರ್ಜಿದಾರರು ಅಧಿಕಾರಿಯ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ತಮ್ಮ ಬೀದಿಯವರಿಗೇ ತಮ್ಮ ಉದ್ದೇಶವನ್ನು ವಿವರಿಸಿ ಹೇಳಬೇಕಾಗಿತ್ತು.

ಜನರೇ ಬಜೆಟನ್ನು ನಿರ್ಧರಿಸುವ ವಿಚಾರ ಹೊಸದೇನಲ್ಲ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಇದು ಆರಂಭವಾಯಿತು. ಯಾವ ಬೀದಿಗೆ ಮೊದಲು ನೀರು, ಯಾವುದಕ್ಕೆ ಚರಂಡಿ ಎಂಬುದನ್ನು ಬಡಾವಣೆಗಳ ಸಭೆಗಳು ತೀರ್ಮಾನಿಸತೊಡಗಿದವು. 1988ರಲ್ಲಿ ನೂರಕ್ಕೆ 75ರಷ್ಟಿದ್ದ ನೀರು ಮತ್ತು ಒಳಚರಂಡಿಯ ಸಂಪರ್ಕ 1997ರ ಹೊತ್ತಿಗೆ 98ಕ್ಕೆ ಏರಿತೆಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ನೆರೆಯ ಕೇರಳವು 1996ರಲ್ಲಿ ಜನಕೀಯ ಯೋಜನೆಯ ಮೂಲಕ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಆದರೆ ದುರಂತದಲ್ಲಿ ನೊಂದವರ ನಡುವೆ ಇಂಥದ್ದನ್ನು ನಡೆಸುವುದು ಬೇರೆಯೇ ಮಾತು. ಅಲ್ಲಿ ಹಂಚಲಾಗುತ್ತಿರುವುದು ಅಭಿವೃದ್ಧಿಯ ಹಣವಲ್ಲ, ಕಣ್ಣೀರಿನ ಹಣ.

ಹಾಗಾದರೆ ಗ್ರೆನ್‌ಫೆಲ್‌ನ ಮಾದರಿಯನ್ನು ನಾವು ಕಣ್ಣು ಮುಚ್ಚಿ ಹೊಗಳಬೇಕೇ? ಬೇಡ. ಅದರ ಎದುರು ನಿಲ್ಲುವ ಪ್ರಶ್ನೆಗಳು ಗಂಭೀರವಾಗಿವೆ. ಜನರ ಮಾತನ್ನು ಕೇಳದೆ ಸಾವಿಗೆ ಕಾರಣವಾದವರ ಸಾಲಿನಲ್ಲಿದ್ದ ಅದೇ ಆಡಳಿತ ಈಗ ಸಣ್ಣ ಮೊತ್ತವೊಂದನ್ನು ಮೇಜಿನ ಮೇಲಿಟ್ಟು, ನೀವೇ ತೀರ್ಮಾನಿಸಿ ಎಂದರೆ ಅದನ್ನು ಪಶ್ಚಾತ್ತಾಪ ಎನ್ನಬೇಕೇ, ಜಾಣತನ ಎನ್ನಬೇಕೇ? ದೊಡ್ಡ ತೀರ್ಮಾನಗಳನ್ನು ತಾವಿಟ್ಟುಕೊಂಡು ಸಣ್ಣ ತೀರ್ಮಾನಗಳನ್ನು ಬಡವರಿಗೆ ಬಿಡುವುದು ಆಳುವವರ ಹಳೆಯ ಚಾಳಿ. ಆಯೋಗದ ಅಂತಿಮ ವರದಿ ಬಂದಾಗ ದುರಂತಕ್ಕೆ ಏಳು ವರ್ಷ ಕಳೆದಿತ್ತು. ಆಗಲೂ ಆ ಸಾವುಗಳಿಗಾಗಿ ಒಬ್ಬರ ಮೇಲೂ ದೋಷಾರೋಪ ದಾಖಲಾಗಿರಲಿಲ್ಲ. ಮಗುವನ್ನು ಕಳಕೊಂಡ ತಾಯಿಗೆ ನ್ಯಾಯಾಲಯದ ಬಾಗಿಲು ತೆರೆಯದೆ ಮತಪೆಟ್ಟಿಗೆಯನ್ನು ತೋರಿಸಿದರೆ ಆಕೆ ಏನೆಂದುಕೊಂಡಾಳು? ಅನುದಾನವು ನ್ಯಾಯದ ಬದಲಿಗೆ ಬರುವುದಾದರೆ ಅದನ್ನು ತಿರಸ್ಕರಿಸುವುದೇ ಮಾನವಂತರ ದಾರಿ. ನ್ಯಾಯದ ಜೊತೆಗೆ ಬರುವುದಾದರೆ ಮಾತ್ರ ಅದಕ್ಕೆ ಬೆಲೆ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮತದಾನ ಎಂದ ಮೇಲೆ ಹೆಚ್ಚು ಜನರನ್ನು ಸೇರಿಸುವವನು ಗೆಲ್ಲುತ್ತಾನೆ. ಫುಟ್ಬಾಲ್ ತಂಡಕ್ಕೆ ಗೆಳೆಯರಿದ್ದಾರೆ. ಮನೆಯಿಂದ ಹೊರಗೆ ಬರಲಾಗದ ಅಂಗವಿಕಲನಿಗೆ ಯಾರಿದ್ದಾರೆ? ಭಾಷೆ ಬಾರದ ವಿಧವೆಗೆ ಯಾರಿದ್ದಾರೆ? ನೆರೆಯವರ ನಡುವೆ ದುಃಖವನ್ನು ಸ್ಪರ್ಧೆಗಿಳಿಸಿದಂತಾಗುವುದಿಲ್ಲವೇ? ನಿಜ, ಆಗಬಹುದು. ಆದರೆ ಇದೇ ಮಾತನ್ನು ಹಿಡಿದು, ಆದ್ದರಿಂದ ತೀರ್ಮಾನವನ್ನು ನಮಗೇ ಬಿಡಿ ಎನ್ನುವವರನ್ನು ನಾವು ನಂಬುವುದಿಲ್ಲ. ಅಂಗವಿಕಲನ ಮನೆಗೆ ಮತಪತ್ರವನ್ನು ಕೊಂಡೊಯ್ಯಬಹುದು. ವಿಧವೆಗೆ ಆಕೆಯ ಭಾಷೆಯಲ್ಲಿ ವಿವರಿಸಬಹುದು. ಸಣ್ಣ ಗುಂಪುಗಳಿಗೆ ಒಂದು ಪಾಲನ್ನು ಮೊದಲೇ ತೆಗೆದಿಡಬಹುದು. ಮುಚ್ಚಿದ ಕೋಣೆಯಲ್ಲಿ ನಾಲ್ವರು ಮಾಡಿದ ಹಂಚಿಕೆಯನ್ನು ಸರಿಪಡಿಸುವುದಕ್ಕೆ ಅಷ್ಟೂ ದಾರಿಯಿಲ್ಲ.

ಮುಸ್ಲಿಮರಾದ ನಮಗೆ ಈ ಚರ್ಚೆಯಲ್ಲಿ ನಮ್ಮದೇ ಆದ ಆಧಾರವಿದೆ. ಪವಿತ್ರ ಕುರ್‌ಆನಿನ 42ನೆಯ ಅಧ್ಯಾಯದ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚಿಸಿ ನಡೆಸುವುದು ಸತ್ಯವಿಶ್ವಾಸಿಗಳ ಲಕ್ಷಣವೆಂದು ಅಲ್ಲಿ ಹೇಳಲಾಗಿದೆ. ಈ ಮಾತನ್ನು ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಉಹುದ್‌ನ ಸಂದರ್ಭವನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಮದೀನದೊಳಗೇ ಇದ್ದು ಶತ್ರುವನ್ನು ಎದುರಿಸಬೇಕೆಂಬುದು ಪ್ರವಾದಿಯವರ(ಸ) ಅಭಿಪ್ರಾಯವಾಗಿತ್ತು. ಹೆಚ್ಚಿನವರು, ಅದರಲ್ಲೂ ಯುವಕರು, ಹೊರಗೆ ಹೋಗೋಣವೆಂದರು. ಪ್ರವಾದಿಯವರು(ಸ) ಅವರ ಮಾತಿಗೆ ಮನ್ನಣೆ ಕೊಟ್ಟು ಹೊರಟರು. ಯುದ್ಧದಲ್ಲಿ ಎಪ್ಪತ್ತು ಮಂದಿ ಅನುಚರರು ಹುತಾತ್ಮರಾದರು. ಲೋಕದ ನಾಯಕರಾಗಿದ್ದರೆ ಇನ್ನು ಮುಂದೆ ಯಾರನ್ನೂ ಕೇಳಬೇಕಾಗಿಲ್ಲ ಎಂಬ ಪಾಠವನ್ನು ಅದರಿಂದ ಕಲಿಯುತ್ತಿದ್ದರು. ಆದರೆ ಆ ಘಟನೆಯ ನಂತರ ಅವತೀರ್ಣವಾದ ಆದೇಶ, ಆಲಿ ಇಮ್ರಾನ್ ಅಧ್ಯಾಯದಲ್ಲಿರುವುದು, ಅವರನ್ನು ಕ್ಷಮಿಸಬೇಕು ಮತ್ತು ಅವರೊಂದಿಗೆ ಸಮಾಲೋಚಿಸಬೇಕು ಎಂಬುದಾಗಿತ್ತು. ಜನ ತಪ್ಪು ಮಾಡಬಹುದೆಂಬುದು ಅವರನ್ನು ಕೇಳದಿರಲು ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಹುದೈಬಿಯಾದಲ್ಲಿ ಅನುಚರರೆಲ್ಲ ಬೇಸರದಿಂದ ಕುಳಿತಿದ್ದಾಗ ದಾರಿ ತೋರಿಸಿದ್ದು ಉಮ್ಮು ಸಲಮಾರ(ರ) ಸಲಹೆ. ಒಬ್ಬ ಮಹಿಳೆಯ ಸಲಹೆ ಎಂದು ಒತ್ತಿ ಹೇಳಬೇಕಾದ ಸ್ಥಿತಿಗೆ ನಾವು ಬಂದಿರುವುದು ನಮ್ಮ ದೌರ್ಭಾಗ್ಯ.

ನಮ್ಮ ಊರುಗಳಲ್ಲಿ ಪರಿಸ್ಥಿತಿ ಹೇಗಿದೆ? 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದ ನದಿಗಳು ಊರೊಳಗೆ ನುಗ್ಗಿದಾಗ, 2020ರ ಲಾಕ್‌ಡೌನ್‌ನಲ್ಲಿ ಕೂಲಿಯವರ ಒಲೆ ಆರಿದಾಗ ನಮ್ಮ ಯುವಕರು ಮಾಡಿದ ಸೇವೆ ಹೆಮ್ಮೆ ಪಡಬೇಕಾದುದು. ಅದನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಗಂಜಿ ಕೇಂದ್ರಗಳ ಮೂಲೆಯಲ್ಲಿ ಯಾರೂ ಮುಟ್ಟದ ಹಳೆಯ ಬಟ್ಟೆಗಳ ರಾಶಿಯನ್ನೂ ನಾವು ಕಂಡಿದ್ದೇವೆ. ಮುಖ್ಯರಸ್ತೆಯ ಒಂದೇ ಮನೆಗೆ ಮೂರು ಸಂಘಟನೆಗಳ ಮೂರು ಕಿಟ್ ಹೋದದ್ದನ್ನು, ಒಳಗಲ್ಲಿಯ ಮನೆಗೆ ಒಂದೂ ತಲುಪದ್ದನ್ನು ಕಂಡಿದ್ದೇವೆ. ನೆರೆ ಇಳಿದ ಮೇಲೆ ದರ್ಜಿಯೊಬ್ಬರಿಗೆ ನಾಲ್ಕು ಕಂಬಳಿಗಳು ಸಿಕ್ಕಿದ್ದವು. ಅವರ ಹೊಲಿಗೆ ಯಂತ್ರ ಕೆಸರು ತುಂಬಿ ನಿಂತಿತ್ತು. ರಿಪೇರಿಗೆ ಬೇಕಾಗಿದ್ದದ್ದು ಎರಡು ಸಾವಿರ ರೂಪಾಯಿ. ಅವರನ್ನು ಕೇಳಿದವರಿಲ್ಲ, ಅವರು ಬಾಯಿಬಿಟ್ಟು ಹೇಳಿದವರಲ್ಲ. ಕಂಬಳಿ ಸ್ವೀಕರಿಸುವ ಫೋಟೋದಲ್ಲಿ ಮಾತ್ರ ಅವರಿದ್ದರು.

ನಮ್ಮ ಜಮಾಅತ್ ಸಮಿತಿಗಳಲ್ಲಿ ಪ್ರಾಮಾಣಿಕರಿಗೆ ಬರವಿಲ್ಲ. ಸ್ವಂತ ಜೇಬಿನಿಂದ ಖರ್ಚು ಮಾಡಿ ಓಡಾಡುವವರು ಎಷ್ಟೋ ಮಂದಿ ಇದ್ದಾರೆ. ತೊಡಕು ಪ್ರಾಮಾಣಿಕತೆಯದ್ದಲ್ಲ. ಹೆಚ್ಚು ಚಂದಾ ಕೊಟ್ಟವನ ಮಾತಿಗೆ ಹೆಚ್ಚು ತೂಕ ಎಂಬ ಲೆಕ್ಕ ನಮ್ಮಲ್ಲಿ ಬೇರೂರಿದೆ. ನಿಧಿಯಿಂದ ಪಡೆಯುವವನಿಗೆ ಮಹಾಸಭೆಯಲ್ಲಿ ಎದ್ದು ನಿಲ್ಲುವ ಧೈರ್ಯವಿಲ್ಲ. ಮಹಿಳೆಯರಂತೂ ಹೆಚ್ಚಿನ ಕಡೆ ಸಭೆಯಲ್ಲಿಯೇ ಇರುವುದಿಲ್ಲ. ಆದರೆ ಯಾವ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾವ ಹುಡುಗಿ ಶಾಲೆ ಬಿಟ್ಟಿದ್ದಾಳೆ, ಯಾವ ಮುದುಕಿಯ ಕಣ್ಣಿನ ಪೊರೆ ತೆಗೆಸಬೇಕಾಗಿದೆ ಎಂಬುದು ಗೊತ್ತಿರುವುದು ಅವರಿಗೇ.

ಇಲ್ಲಿ ಅಬ್ದುಲ್ ನಝೀರ್ ಸಾಬರನ್ನು ನೆನೆಯದಿರಲಾಗದು. ಗುಂಡ್ಲುಪೇಟೆಯ ಈ ನಾಯಕ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದಾಗ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊಡಿಸಿ ‘ನೀರ್ ಸಾಬ್’ ಎನಿಸಿದರು. ಆದರೆ ನೀರಿಗಿಂತಲೂ ದೊಡ್ಡ ಕೊಡುಗೆ ಇನ್ನೊಂದಿದೆ. ಬೆಂಗಳೂರಿನಲ್ಲಿ ಕುಳಿತು ಹಳ್ಳಿಯ ಹಣೆಬರಹ ಬರೆಯುವುದು ಸಲ್ಲದೆಂದು 1983ರ ಕಾಯಿದೆಯ ಮೂಲಕ ಅಧಿಕಾರವನ್ನು ಕೆಳಕ್ಕೆ ಇಳಿಸಿದವರು ಅವರು. ಮಹಿಳೆಯರಿಗೆ ನೂರಕ್ಕೆ 25ರ ಮೀಸಲಾತಿ ಅದರಲ್ಲಿತ್ತು. 1987ರ ಚುನಾವಣೆಗಳು ಆ ಕಾಯಿದೆಯಡಿ ನಡೆದವು. ಮರುವರ್ಷವೇ ಅವರು ನಮ್ಮನ್ನಗಲಿದರು. ದೇಶದ ಸಂವಿಧಾನಕ್ಕೆ 73 ಮತ್ತು 74ನೆಯ ತಿದ್ದುಪಡಿಗಳು ಬಂದದ್ದು ಆಮೇಲೆ. ಇಂದು ಗ್ರಾಮಸಭೆಗೆ ಫಲಾನುಭವಿಗಳನ್ನು ಆರಿಸುವ ಹಕ್ಕಿದೆ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಆ ಸಭೆಗಳಿಗೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ? ನಮ್ಮ ಬೀದಿಗೆ ಚರಂಡಿ ಬಂದಿಲ್ಲವೆಂದು ಮಸೀದಿಯ ಜಗಲಿಯಲ್ಲಿ ಕುಳಿತು ಗೊಣಗುವುದಕ್ಕಿಂತ ಅಲ್ಲಿ ಹೋಗಿ ಕೇಳುವುದು ಮೇಲಲ್ಲವೇ? ದೇಶಕ್ಕೆ ಈ ಪಾಠ ಹೇಳಿಕೊಟ್ಟವರಲ್ಲಿ ನಮ್ಮವರೊಬ್ಬರಿದ್ದರು. ನಮ್ಮ ಮೊಹಲ್ಲಾದೊಳಗೆ ಮಾತ್ರ ಆ ಪಾಠ ಇನ್ನೂ ಬಂದಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಿಯೇ ಮುಂದುವರಿಯಬೇಕು. ಝಕಾತ್‌ನ ಹಕ್ಕುದಾರರು ಯಾರೆಂಬುದನ್ನು ಕುರ್‌ಆನ್ ಎಂಟು ವರ್ಗಗಳಾಗಿ ನಿಗದಿಪಡಿಸಿದೆ. ಅದನ್ನು ಬದಲಿಸುವ ಅಧಿಕಾರ ಯಾವ ಬಹುಮತಕ್ಕೂ ಇಲ್ಲ. ನಮ್ಮ ಮಾತೇನಿದ್ದರೂ ಸದಕಾ, ಪರಿಹಾರ ನಿಧಿ, ಊರ ಕಲ್ಯಾಣಕ್ಕೆಂದು ಎತ್ತಿದ ಹಣಗಳ ಬಗ್ಗೆ. ಎರಡನೆಯದಾಗಿ, ಮತ ಹಾಕಬೇಕಾದದ್ದು ಯೋಜನೆಗಳ ಮೇಲೆಯೇ ಹೊರತು ಮನುಷ್ಯರ ಮೇಲಲ್ಲ. ಇಂಥವನು ಬಡವನೇ, ಇಂಥವಳ ಚಿಕಿತ್ಸೆಗೆ ಹಣ ಕೊಡಬೇಕೇ ಎಂದು ನೆರೆದ ಜನರ ಮುಂದೆ ಕೇಳುವುದು ನೆರವಿನ ಹೆಸರಿನಲ್ಲಿ ಮಾಡುವ ಅವಮಾನ. ವ್ಯಕ್ತಿಯ ಕಷ್ಟವನ್ನು ಇಬ್ಬರು ಮೂವರು ವಿಶ್ವಾಸಿಗರು ಗುಟ್ಟಾಗಿ ನೋಡಿಕೊಳ್ಳಲಿ. ನಿಧಿಯ ಉಳಿದ ಹಣ ಮದ್ರಸಾದ ಮೇಲೊಂದು ಕಮಾನಿಗೆ ಹೋಗಬೇಕೇ, ಹುಡುಗಿಯರ ಸಂಜೆ ಪಾಠಕ್ಕೆ ಹೋಗಬೇಕೇ, ನೆರೆಯಲ್ಲಿ ಕಸುಬು ಕಳಕೊಂಡವರ ಉಪಕರಣಗಳ ರಿಪೇರಿಗೆ ಹೋಗಬೇಕೇ ಎಂಬುದನ್ನು ಎಲ್ಲರೂ ಸೇರಿ ನಿರ್ಧರಿಸಲಿ. ಜನ ಕಮಾನನ್ನೇ ಆರಿಸಿದರೆ? ಆರಿಸಲಿ. ಮುಂದಿನ ವರ್ಷ ಬೇರೆ ಆರಿಸಿಯಾರು. ಉಹುದ್‌ನ ನಂತರವೂ ಸಮಾಲೋಚನೆ ನಿಲ್ಲಲಿಲ್ಲವಲ್ಲ.

ಇದಕ್ಕೆ ಲಂಡನ್ನಿನ ಹಣವೂ ಬೇಡ, ಹೊಸ ಕಾನೂನೂ ಬೇಡ. ಮುಂದಿನ ರಮಝಾನಿನಲ್ಲಿ ಸಂಗ್ರಹವಾಗುವ ಕಲ್ಯಾಣ ನಿಧಿಯ ಹತ್ತರಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿಡಲು ಯಾವ ಜಮಾಅತ್‌ಗೂ ಕಷ್ಟವಾಗಲಾರದು. ಯೋಜನೆಗಳನ್ನು ಬರೆದು ಒಂದು ತಿಂಗಳ ಮೊದಲೇ ಮಸೀದಿಯ ಗೋಡೆಗೆ ಹಚ್ಚಬಹುದು. ಮನೆಗೊಂದು ಮತವಲ್ಲ, ವಯಸ್ಕರಿಗೆಲ್ಲ ಒಂದೊಂದು ಮತವಿರಲಿ. ಮನೆಗೊಂದು ಎಂದರೆ ಅದು ಗಂಡಸಿನದ್ದೇ ಆಗಿಬಿಡುತ್ತದೆ. ಓದು ಬಾರದವರಿಗಾಗಿ ಪ್ರತಿ ಯೋಜನೆಗೂ ಒಂದು ಚಿತ್ರವಿರಲಿ. ಒಂದು ಪೆಟ್ಟಿಗೆ ಮಸೀದಿಯ ಬಳಿ ಇದ್ದರೆ ಇನ್ನೊಂದು ಮದ್ರಸಾಕ್ಕೆ ಮಕ್ಕಳನ್ನು ಬಿಡಲು ಬರುವ ತಾಯಂದಿರ ಕೈಗೆಟಕುವಲ್ಲಿರಲಿ. ಎಣಿಕೆ ಜುಮಾ ನಮಾಝಿನ ನಂತರ ಎಲ್ಲರ ಎದುರು ನಡೆಯಲಿ. ಪೆಟ್ಟಿಗೆಯ ಕೀಲಿಯನ್ನು ಮಾತ್ರ ಸಮಿತಿಯ ಹೊರಗಿನ ಒಬ್ಬರ ಕೈಯಲ್ಲಿ ಇಟ್ಟರೆ ಸಾಕು.